ಸೀಟೋ, ಸ್ಪೆಷಲ್ಲೋ?

ನಮ್ಮೂರ ಹೆಸರು ಗೂಗಲ್. ನಗಬೇಡಿ. ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು, ಕೃಷ್ಣಾ ನದಿ ದಂಡೆ. ಅಲ್ಲಮಪ್ರಭುವಿನ ಗುಡಿ ಇದೆ, ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಇದೆ, ಸುತ್ತ ಹತ್ತಿ, ಭತ್ತ. ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರಾದರೂ ಊರು ಕೇಳಿದರೆ "ಗೂಗಲ್" ಅಂತಿದ್ದೆ. "ಅಲ್ಲಪ್ಪಾ, ಕೆಲಸ ಮಾಡೋ ಕಂಪನಿ ಕೇಳಿದ್ದಲ್ಲ, ಊರು ಕೇಳಿದ್ದು" ಅನ್ನೋರು. ಈಗ ರಾಯಚೂರು ಅಂದು ಮುಗಿಸಿಬಿಡ್ತೀನಿ.

ಈ ಹೆಸರಿನ ಧೈರ್ಯದ ಮೇಲೋ ಏನೋ, 2016ರಲ್ಲಿ ನಾನೂ ಒಂದು ಸ್ಟಾರ್ಟಪ್ ಮಾಡಲು ಹೊರಟಿದ್ದೆ. ರೂಮಿನಲ್ಲಿ ಮೂವರು: ಹಾಸನದವನು ಕೋಡ್ ಬರೆಯೋನು, ಮಂಗಳೂರಿನವನು ಎಕ್ಸೆಲ್ ಹಾಕೋನು, ನಾನು ಮಾತಾಡೋನು. ಐಡಿಯಾ ಸರಳ. ಔಟರ್ ರಿಂಗ್ ರೋಡಿನಲ್ಲಿ ಬೆಳಿಗ್ಗೆ ನಿಂತು ನೋಡಿ, ಹೆಚ್ಚಿನ ಕಾರಿನಲ್ಲಿ ಒಬ್ಬನೇ ಕೂತಿರ್ತಾನೆ. ಖಾಲಿ ಸೀಟುಗಳನ್ನು ಅದೇ ದಾರಿಯಲ್ಲಿ ಹೋಗೋರಿಗೆ ಕೊಡಿಸಿ ನಡುವೆ ಒಂದಿಷ್ಟು ಕಮಿಷನ್ ಇಟ್ಟುಕೊಳ್ಳೋದು. ಮೂರು ಭಾನುವಾರ ದರ್ಶಿನಿಯಲ್ಲಿ ಕೂತು ಹನ್ನೆರಡು ಸ್ಲೈಡ್ ಮಾಡಿದೆವು. ಮೊದಲ ಸ್ಲೈಡಿನಲ್ಲೇ "ಭಾರತದಲ್ಲಿ ಯಾರೂ ಮಾಡದ ಪ್ರಯೋಗ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ಊರಿಗೆ ಹೋದಾಗ ಕಾಕಾನಿಗೆ ತೋರಿಸಿದೆ. ಕಾಕಾ ಅಂದರೆ ನಮ್ಮಪ್ಪನ ತಮ್ಮ, ಇಪ್ಪತ್ತು ವರ್ಷ ಟ್ರ್ಯಾಕ್ಸ್ ಓಡಿಸಿದವನು. ಕನ್ನಡಕ ಏರಿಸಿ ಫೋನಿನಲ್ಲಿ ಸ್ಲೈಡು ನೋಡಿದ. ಎರಡೇ ಪ್ರಶ್ನೆ ಕೇಳಿದ.

"ಇದು ಸೀಟಿನ ಗಾಡೀನೋ, ಸ್ಪೆಷಲ್ಲೋ?"

"ಸೀಟಿನದೇ, ಕಾಕಾ."

"ಹಂಗಾದ್ರ ಪರ್ಮಿಟ್ ಯಾವ್ದು?"

ಹನ್ನೆರಡು ಸ್ಲೈಡಿನಲ್ಲಿ ಪರ್ಮಿಟ್ ಅನ್ನೋ ಪದ ಒಂದು ಸಲವೂ ಇರಲಿಲ್ಲ.

ಬೆಂಗಳೂರಿನವರಿಗೆ ಈ ಎರಡು ಪದ ಬಿಡಿಸಿ ಹೇಳಬೇಕು. ನಮ್ಮ ಕಡೆ ಜೀಪು, ಟ್ರ್ಯಾಕ್ಸ್, ಕ್ರೂಸರ್, ಟಂಟಂ ಯಾವುದೇ ಇರಲಿ, ಬಾಡಿಗೆಗೆ ಎರಡೇ ರೀತಿ. ಒಬ್ಬೊಬ್ಬರೂ ತಮ್ಮ ತಮ್ಮ ಸೀಟಿಗೆ ದುಡ್ಡು ಕೊಟ್ಟರೆ ಅದು ಸೀಟಿನ ಗಾಡಿ. ಮದುವೆಗೋ ದವಾಖಾನಿಗೋ ಪೂರ್ತಿ ಗಾಡಿ ಹಿಡಿದರೆ ಅದು ಸ್ಪೆಷಲ್. ಕಾಕಾನಿಗೆ ಇಂಗ್ಲಿಷ್ ಬರಲ್ಲ, ಆದರೆ ಅವನು ಕೇಳಿದ್ದು ಮೋಟಾರು ವಾಹನ ಕಾಯ್ದೆಯ ಎರಡನೇ ಸೆಕ್ಷನ್ನು. ಸ್ಪೆಷಲ್ಲಿಗೆ ಕಾಯ್ದೆಯ ಹೆಸರು ಕಾಂಟ್ರ್ಯಾಕ್ಟ್ ಕ್ಯಾರೇಜ್. ನಡುನಡುವೆ ಹತ್ತಿಸಿ ಇಳಿಸುತ್ತಾ ಸೀಟಿಗಿಷ್ಟು ಅಂತ ತಗೊಳ್ಳೋ ಬಸ್ಸಿನಂಥದ್ದಕ್ಕೆ ಸ್ಟೇಜ್ ಕ್ಯಾರೇಜ್. ಇವೆರಡರ ನಡುವಿನ ಗೆರೆ ಯಾರು ಎಳೆದರು, ಯಾಕೆ ಎಳೆದರು ಅಂತ ಹುಡುಕುತ್ತಾ ಹೋದೆ. ಸ್ಟಾರ್ಟಪ್ ಅಂತೂ ಆಗಲಿಲ್ಲ, ಹುಡುಕಾಟ ಮಾತ್ರ ಇನ್ನೂ ನಿಂತಿಲ್ಲ.

ಮೊದಲು ಅಮೆರಿಕಕ್ಕೆ ಹೋಗಿ ಬರೋಣ. 1914, ಲಾಸ್ ಏಂಜಲಿಸ್. ವ್ಯಾಪಾರ ಮಂದ, ಕೆಲಸ ಇಲ್ಲ, ಆದರೆ ಮನೆ ಮುಂದೆ ಫೋರ್ಡ್ ಮಾಡೆಲ್ ಟಿ ಇದೆ. ಜನ ಏನು ಮಾಡಿದರು? ಟ್ರಾಮ್ ಓಡೋ ಬೀದಿಯಲ್ಲೇ ಕಾರು ತಂದು, ನಿಂತವರನ್ನು ಐದು ಸೆಂಟಿಗೆ ಹತ್ತಿಸಿಕೊಂಡರು. ಟ್ರಾಮಿನ ಟಿಕೆಟ್ಟೂ ಐದೇ ಸೆಂಟು. ಐದು ಸೆಂಟಿನ ನಾಣ್ಯಕ್ಕೆ ಬೀದಿಭಾಷೆಯಲ್ಲಿ ಜಿಟ್ನಿ ಅಂತಿದ್ದರು, ಕಾರುಗಳಿಗೂ ಅದೇ ಹೆಸರು ಬಿತ್ತು. ಒಂದು ವರ್ಷದೊಳಗೆ ಇಡೀ ದೇಶದಲ್ಲಿ ಜಿಟ್ನಿಗಳು ಹತ್ತಾರು ಸಾವಿರ. ಆ್ಯಪ್ ಇಲ್ಲ, ಹೂಡಿಕೆದಾರರಿಲ್ಲ, ಗಾಜಿಗೆ ಊರ ಹೆಸರು ಬರೆದ ಬೋರ್ಡು ಅಷ್ಟೇ.

ಇದನ್ನು ಓದುವಾಗ ನಂಗೆ ಕಾಕಾನೇ ಕಾಣಿಸಿದ. ಜಿಟ್ನಿಯವರ ಮುಖ್ಯ ವಿದ್ಯೆ ಏನಪ್ಪಾ ಅಂದರೆ, ಟ್ರಾಮ್ ಬರೋಕೆ ಸ್ವಲ್ಪ ಮುಂಚೆ ಅದೇ ಸ್ಟಾಪಿಗೆ ಬಂದು ಜನರನ್ನು ಎತ್ತಿಕೊಂಡು ಹೋಗೋದು. ಕಾಕಾನ ಸೂತ್ರವೂ ಅದೇ: "ಬಸ್ಸಿನಕಿಂತ ಹತ್ತ್ ನಿಮಿಷ ಮುಂದ ಬಿಡಬೇಕು. ಬಸ್ಸಿನ ಹಿಂದ ಬಿದ್ದ್ರ ಡೀಸೆಲ್ಲೂ ಹುಟ್ಟಂಗಿಲ್ಲ." ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು. ನಡುಮಧ್ಯಾಹ್ನ ಎರಡು ಗಂಟೆಗೆ ಖಾಲಿ ಓಡೋದು ಸರ್ಕಾರಿ ಬಸ್ಸು. ಕಾಕಾ ಆಗ ಬೇವಿನ ಗಿಡದ ಕೆಳಗೆ ಮಲಗಿರ್ತಿದ್ದ.

ಟ್ರಾಮ್ ಕಂಪನಿಗಳು ಗೋಳಾಡಿದವು. ಖಾಲಿ ಹೊತ್ತಿನಲ್ಲೂ ನಾವು ಓಡಿಸಬೇಕು, ತುಂಬಿದ ಹೊತ್ತಿನ ಗಿರಾಕಿಯನ್ನು ಇವರು ಒಯ್ದರೆ ಹೇಗೆ ಅಂತ. ನಗರಸಭೆಗಳು ಜಿಟ್ನಿಗೆ ಲೈಸೆನ್ಸ್ ಕಡ್ಡಾಯ ಮಾಡಿದವು, ಇಷ್ಟು ಹೊತ್ತು ಇದೇ ದಾರಿಯಲ್ಲಿ ಓಡಿಸಬೇಕು ಅಂದವು. ಎಲ್ಲಕ್ಕಿಂತ ಭಾರವಾದದ್ದು, ಅಪಘಾತವಾದರೆ ಪರಿಹಾರ ಕೊಡೋಕೆ ಮೊದಲೇ ದೊಡ್ಡ ಮೊತ್ತದ ಬಾಂಡ್ ಬರೆದುಕೊಡಬೇಕು ಅನ್ನೋ ನಿಯಮ. ಬಿಡುವಿನಲ್ಲಿ ಕಾರು ಓಡಿಸೋನಿಗೆ ಅದು ಎಲ್ಲಿ ಹುಟ್ಟಬೇಕು? ಕೆಲವೇ ವರ್ಷದಲ್ಲಿ ಬಹುತೇಕ ಜಿಟ್ನಿಗಳು ಮಾಯವಾದವು.

ನಮ್ಮ ದೇಶದಲ್ಲಿ ಗೋಳಾಡಿದ್ದು ಟ್ರಾಮ್ ಅಲ್ಲ, ರೈಲು. ರಾಯಚೂರಿಗೆ ಈ ಕತೆಯಲ್ಲಿ ಜಾಗ ಇದೆ. ಮುಂಬೈಯಿಂದ ಬಂದ ಜಿಐಪಿ ರೈಲು, ಮದ್ರಾಸಿನಿಂದ ಬಂದ ಮದ್ರಾಸ್ ರೈಲು, ಎರಡರ ಹಳಿ ಕೂಡಿದ್ದು ರಾಯಚೂರಿನಲ್ಲಿ, 1871ರಲ್ಲಿ. ಎರಡು ಮಹಾನಗರ ಕೈಕುಲುಕಿದ ಊರು ನಮ್ಮದು! ಆದರೆ ಸ್ಟೇಷನ್ನಿನಿಂದ ಆಚೆ, ದೇವದುರ್ಗಕ್ಕೆ ಬಂಡಿಯೇ ಗತಿ. ಇವತ್ತಿಗೂ ದೇವದುರ್ಗಕ್ಕೆ ರೈಲಿಲ್ಲ. ಇಂಥ ಊರುಗಳಿಗೇ ಮೋಟಾರು ಬೇಕಾಗಿದ್ದದ್ದು.

1920ರ ದಶಕದಲ್ಲಿ ದೇಶದ ತುಂಬಾ ಸಣ್ಣ ಸಣ್ಣ ಬಸ್ಸಿನವರು ಹುಟ್ಟಿಕೊಂಡರು. ಅವರೂ ಜಿಟ್ನಿಯವರ ಹಾಗೇ, ರೈಲಿನ ಪಕ್ಕದ ರಸ್ತೆಯಲ್ಲೇ ಓಡಿಸಿದರು. ಬ್ರಿಟಿಷ್ ಸರ್ಕಾರ 1932ರಲ್ಲಿ ಮಿಚೆಲ್ ಮತ್ತು ಕಿರ್ಕ್‌ನೆಸ್ ಅನ್ನೋ ಇಬ್ಬರು ಅಧಿಕಾರಿಗಳನ್ನು ನೇಮಿಸಿತು, ಮೋಟಾರಿನಿಂದ ರೈಲಿಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕೋಕೆ. 1933ರಲ್ಲಿ ವರದಿ ಬಂತು, ಶಿಮ್ಲಾದಲ್ಲಿ ರೈಲು–ರಸ್ತೆ ಸಮ್ಮೇಳನ ನಡೀತು. ಆ ಚರ್ಚೆಯ ಕೊನೆಗೆ ಬಂದದ್ದು 1939ರ ಮೋಟಾರು ವಾಹನ ಕಾಯ್ದೆ. ಬ್ರಿಟನ್ನಿನ 1930ರ ಕಾಯ್ದೆಯಲ್ಲಿದ್ದ ಸ್ಟೇಜ್ ಕ್ಯಾರೇಜ್, ಕಾಂಟ್ರ್ಯಾಕ್ಟ್ ಕ್ಯಾರೇಜ್ ಅನ್ನೋ ಪದಗಳು ಇಲ್ಲಿಗೂ ಬಂದವು. ಸೀಟು, ಸ್ಪೆಷಲ್ಲು ಬೇರೆ ಬೇರೆ ಆದವು, ಪ್ರತಿಯೊಂದಕ್ಕೂ ಪರ್ಮಿಟ್ ಬಂತು. ಅಂದರೆ ನಮ್ಮ ಹನ್ನೆರಡು ಸ್ಲೈಡನ್ನು ಕೊಂದ ಗೆರೆ ನಮಗಿಂತ ಐವತ್ತು ವರ್ಷ ಹಿರಿಯದು.

ನಮ್ಮ ಜಿಲ್ಲೆ ಆಗ ಬ್ರಿಟಿಷರ ಕೈಯಲ್ಲಿರಲಿಲ್ಲ, ನಿಜಾಮನದು. ನಿಜಾಮನ ಸರ್ಕಾರ ಈ ಜಗಳವನ್ನು ಬಗೆಹರಿಸಿದ ರೀತಿಯೇ ಬೇರೆ. 1930ರಲ್ಲಿ ರೈಲ್ವೆಯನ್ನು ಕೊಂಡುಕೊಂಡ ಹೈದರಾಬಾದ್ ಸರ್ಕಾರ 1932ರ ಜೂನಿನಲ್ಲಿ ಅದೇ ರೈಲ್ವೆಯ ಕೆಳಗೆ ಬಸ್ ಇಲಾಖೆ ಶುರು ಮಾಡಿತು. 27 ಬಸ್ಸು, 166 ನೌಕರರು. ಬಸ್ಸು ರೈಲಿಗೆ ಪೈಪೋಟಿ ಅಂದಿರಾ, ಹಾಗಾದರೆ ರೈಲೇ ಬಸ್ ಓಡಿಸಲಿ! ಭಾರತದಲ್ಲಿ ಸರ್ಕಾರಿ ಬಸ್ಸಿನ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು. ಇವತ್ತಿನ ತೆಲಂಗಾಣ, ಆಂಧ್ರದ ಸಾರಿಗೆ ಸಂಸ್ಥೆಗಳು ತಮ್ಮ ವಂಶಾವಳಿಯನ್ನು ಶುರು ಮಾಡೋದು ಇಲ್ಲಿಂದಲೇ.

ಹಳೇ ಮೈಸೂರಿನ ಓದುಗರು ಮುನಿಸಿಕೊಳ್ಳಬೇಡಿ, ನಿಮ್ಮದೂ ಇದೆ. ಮೈಸೂರು ಸರ್ಕಾರದ ಬಸ್ ಇಲಾಖೆ 120 ಬಸ್ಸಿನೊಂದಿಗೆ ಶುರುವಾಗಿದ್ದು 1948ರ ಸೆಪ್ಟೆಂಬರ್ 12ಕ್ಕೆ. ಮರುದಿನ, 13ಕ್ಕೆ, ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ಒಂದು ಕಡೆ ಬಸ್ ಪೂಜೆ, ಇನ್ನೊಂದು ಕಡೆ ಟ್ಯಾಂಕು. ಎರಡು ಸಂಸ್ಥಾನದ ಕನ್ನಡಿಗರು ಒಂದೇ ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ಕ್ಕೆ, ಕೆಎಸ್ಆರ್‌ಟಿಸಿ ಆಗಿದ್ದು 1961ರಲ್ಲಿ. ನಮ್ಮ ಕಡೆಯ ಬಸ್ಸಿಗೆ ಕಲಬುರಗಿಯಲ್ಲಿ ಬೇರೆ ನಿಗಮ ಆಗಲು 2000ದವರೆಗೆ ಕಾಯಬೇಕಾಯ್ತು. ಹೆಸರು ಈಶಾನ್ಯ ಇದ್ದದ್ದು ಈಗ ಕಲ್ಯಾಣ ಆಗಿದೆ.

ಅದೇ 1948ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಸೆಫಾಗೆ ಅನ್ನೋ ಸಹಕಾರಿ ಸಂಘವೊಂದು ಹುಟ್ಟಿತು. ಯುದ್ಧ ಮುಗಿದ ಕಾಲ, ಒಬ್ಬೊಬ್ಬರಿಗೆ ಕಾರು ಕೊಳ್ಳೋ ತಾಕತ್ತಿಲ್ಲ. ಎಲ್ಲ ಸೇರಿ ಕಾರು ಇಟ್ಟುಕೊಂಡು, ಸರದಿಯಂತೆ ತಾವೇ ಓಡಿಸೋದು. ಜಗತ್ತಿನ ಮೊದಲ ಕಾರ್ ಶೇರಿಂಗ್ ಅಂತ ಸಾಮಾನ್ಯವಾಗಿ ಹೆಸರಿಸೋದು ಇದನ್ನೇ. ಇಲ್ಲೊಂದು ವ್ಯತ್ಯಾಸ ಗಮನಿಸಿ. ಸೆಫಾಗೆಯವರು ಹಂಚಿಕೊಂಡಿದ್ದು ಕಾರನ್ನು, ಕಾಕಾ ಹಂಚಿದ್ದು ಸೀಟನ್ನು. ಇಂಗ್ಲಿಷಿನಲ್ಲಿ ಎರಡಕ್ಕೂ ಶೇರಿಂಗ್ ಅಂದುಬಿಡ್ತಾರೆ. ನಾವು ಸ್ಲೈಡಿನಲ್ಲಿ ಎರಡನ್ನೂ ಕಲಸಿಟ್ಟಿದ್ದೆವು.

ಈಗ ಬೆಂಗಳೂರಿಗೆ ಬರೋಣ. ನಮ್ಮ ತಲೆಮಾರಿನವರಿಗೆ ಬಹುಶಃ ಗೊತ್ತಿಲ್ಲದ ಒಂದು ಪ್ರಸಂಗ ಇದೆ. ಎಪ್ಪತ್ತರ ದಶಕದಲ್ಲಿ ಕರ್ನಾಟಕದಲ್ಲಿ ಖಾಸಗಿ ಬಸ್ಸಿನವರು ಕಾಂಟ್ರ್ಯಾಕ್ಟ್ ಪರ್ಮಿಟ್, ಅಂದರೆ ಸ್ಪೆಷಲ್ ಪರ್ಮಿಟ್, ಇಟ್ಟುಕೊಂಡು ಸೀಟಿನ ಲೆಕ್ಕದಲ್ಲಿ ಓಡಿಸ್ತಿದ್ದರು. ಸರ್ಕಾರಕ್ಕೆ ಸಿಟ್ಟು ಬಂತು. 1976ರ ಜನವರಿ 30, ತುರ್ತು ಪರಿಸ್ಥಿತಿಯ ಕಾಲ, ದೇವರಾಜ ಅರಸು ಮುಖ್ಯಮಂತ್ರಿ. ಒಂದು ಸುಗ್ರೀವಾಜ್ಞೆ ಹೊರಬಿತ್ತು: ಕಾಂಟ್ರ್ಯಾಕ್ಟ್ ಕ್ಯಾರೇಜುಗಳೇ ಇನ್ನು ಸರ್ಕಾರದ್ದು. ದಂಡ ಅಲ್ಲ, ಪರ್ಮಿಟ್ ರದ್ದಲ್ಲ, ಗಾಡಿಗಳನ್ನೇ ಸ್ವಾಧೀನ ಮಾಡಿಕೊಂಡು ಕೆಎಸ್ಆರ್‌ಟಿಸಿಗೆ ಕೊಟ್ಟಿತು. ಸ್ಪೆಷಲ್ ಹೆಸರಲ್ಲಿ ಸೀಟು ಮಾರಿದ್ದೇ ಸರ್ಕಾರ ಕೊಟ್ಟ ಮುಖ್ಯ ಕಾರಣ.

ಮಾಲೀಕರು ಕೋರ್ಟಿಗೆ ಹೋದರು, ಹೈಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ, 1977ರ ಅಕ್ಟೋಬರಿನಲ್ಲಿ, ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಸೋತರು. ಕರ್ನಾಟಕ ಸರ್ಕಾರ ವಿರುದ್ಧ ರಂಗನಾಥ ರೆಡ್ಡಿ ಅಂತ ಆ ಕೇಸಿನ ಹೆಸರು, ಕಾನೂನು ಓದಿದವರಿಗೆ ಬಾಯಿಪಾಠ ಇರುತ್ತೆ. ಯಾಕಂದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದರಲ್ಲಿ ಬೇರೆಯಾಗಿ ತೀರ್ಪು ಬರೆದು, ಸಂವಿಧಾನ ಹೇಳೋ 'ಸಮುದಾಯದ ಭೌತಿಕ ಸಂಪನ್ಮೂಲ'ದಲ್ಲಿ ಖಾಸಗಿಯವರ ಆಸ್ತಿಯೂ ಸೇರುತ್ತೆ ಅಂದರು. ಆ ಮಾತಿನ ಚರ್ಚೆ ನಲವತ್ತೇಳು ವರ್ಷ ನಡೀತು. 2024ರ ನವೆಂಬರ್ 5ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ, ಎಲ್ಲ ಖಾಸಗಿ ಆಸ್ತಿಯೂ ಅದರೊಳಗೆ ಬರಲ್ಲ ಅಂತ ಹೇಳಿತು. ದೇಶದ ಆಸ್ತಿ ಹಕ್ಕಿನ ಇಷ್ಟು ದೊಡ್ಡ ವಾದದ ಒಂದು ಬೇರು ಇರೋದು ಕರ್ನಾಟಕದ ಬಸ್ಸಿನಲ್ಲಿ ಸೀಟು ಮಾರಿದ ವಿಷಯದಲ್ಲಿ! ಆ 1976ರ ಕಾಯ್ದೆಯನ್ನು ರದ್ದು ಮಾಡೋಕೆ 2003ರಲ್ಲಿ ಸರ್ಕಾರವೇ ಇನ್ನೊಂದು ಕಾಯ್ದೆ ತಂದಿತು.

ಇಷ್ಟು ಗೊತ್ತಾದ ಮೇಲೆ ಸರ್ಕಾರವನ್ನು ಬೈದು ಮುಗಿಸಬಹುದಿತ್ತು. ಕಾಕಾನ ಮನೆಯಲ್ಲಿ ಬೆಳೆದವನಿಗೆ ಅದು ಅಷ್ಟು ಸುಲಭ ಅಲ್ಲ.

ಕಾಕಾನ ಟ್ರ್ಯಾಕ್ಸ್ ಓಡ್ತಿದ್ದದ್ದು ನಮ್ಮೂರಿನಿಂದ ಗಬ್ಬೂರು ಮೇಲೆ ರಾಯಚೂರಿಗೆ. ಕಾಗದದ ಮೇಲೆ ಎಷ್ಟೇ ಸೀಟಿರಲಿ, ಅವನ ಲೆಕ್ಕದಲ್ಲಿ ಹದಿನೆಂಟು. ಮುಂದಿನ ಸೀಟು ಸಾಲಿ ಮಾಸ್ತರಿಗೆ ಮತ್ತು ಬಾಣಂತಿಯರಿಗೆ. ನಡುವಿನದು ಹೆಣ್ಮಕ್ಕಳಿಗೆ. ಹಿಂದೆ ಗಂಡಸರು, ಮೇಲೆ ಕಾಲೇಜು ಹುಡುಗರು ಮತ್ತು ಮೆಣಸಿನಕಾಯಿ ಚೀಲ. ಸ್ಟ್ಯಾಂಡಿನಲ್ಲಿ ಕೂಗೋನು ಒಬ್ಬ ಏಜೆಂಟ್, ಅವನಿಗೆ ಟ್ರಿಪ್ಪಿಗಿಷ್ಟು. ಇವತ್ತು ದುಡ್ಡಿಲ್ಲದವರಿಗೆ ಉದ್ರಿ, ಹತ್ತಿ ಮಾರಿದ ಮೇಲೆ ಕೊಡೋದು. ಯಾರ ಮನೆಯಲ್ಲಿ ಯಾರಿಗೆ ಹೆರಿಗೆ ದಿನ ಹತ್ತಿರ ಇದೆ ಅಂತ ಕಾಕಾನಿಗೆ ಗೊತ್ತಿರ್ತಿತ್ತು, ಆ ದಿನಗಳಲ್ಲಿ ಗಾಡಿಯನ್ನು ಮನೆ ಮುಂದೆಯೇ ನಿಲ್ಲಿಸ್ತಿದ್ದ. ನಾವು ಸ್ಲೈಡಿನಲ್ಲಿ 'ಡಿಮ್ಯಾಂಡ್ ಪ್ರಿಡಿಕ್ಷನ್' ಅಂತ ಬರೆದಿದ್ದೆವಲ್ಲ, ಅದೇ ಇದು.

2004ರ ಮಳೆಗಾಲದಲ್ಲಿ ಗಾಡಿ ಪಲ್ಟಿ ಹೊಡೀತು. ಎದುರು ಬಂದ ಎತ್ತಿನ ಬಂಡಿ ತಪ್ಪಿಸಲು ಹೋಗಿ ರಸ್ತೆ ಪಕ್ಕದ ತಗ್ಗಿಗೆ ಇಳಿಸಿದ. ಜೀವ ಹೋಗಲಿಲ್ಲ. ಆದರೆ ಹತ್ತಿ ಬಿಡಿಸಲು ಹೋಗ್ತಿದ್ದ ಒಬ್ಬ ಹೆಣ್ಮಗಳ ಕಾಲು ಮಂಡಿಯ ಕೆಳಗೆ ಹೋಯ್ತು. ಕಾಕಾ ಇನ್ಶೂರೆನ್ಸ್ ಕಟ್ಟಿದ್ದ, ಒಂದು ವರ್ಷವೂ ತಪ್ಪಿಸಿರಲಿಲ್ಲ. ಆದರೆ ಗಾಡಿ ವೈಟ್ ಬೋರ್ಡು, ಪಾಲಿಸಿ ಸ್ವಂತ ಬಳಕೆಯದು. ಒಳಗೆ ಕೂತವರು ಸೀಟಿಗೆ ದುಡ್ಡು ಕೊಟ್ಟವರು. ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಗೆ ಕೂತವರ ಹೊಣೆ ಬರೋದಿಲ್ಲ ಅಂತ ವಿಮೆಯವರು ಹೇಳಿದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ ಇತ್ತು. ಕಾಕಾ ಎರಡು ಎಕರೆ ಮಾರಿದ. ಒಂದು ಎಕರೆಯ ದುಡ್ಡು ಆ ಹೆಣ್ಮಗಳಿಗೆ, ಇನ್ನೊಂದರದ್ದು ದವಾಖಾನಿಗೆ ಮತ್ತು ಕೋರ್ಟಿಗೆ. ಆಮೇಲೆ ಎಲ್ಲೋ ಬೋರ್ಡ್ ಮಾಡಿಸಿ ಮ್ಯಾಕ್ಸಿಕ್ಯಾಬ್ ಪರ್ಮಿಟ್ ತಗೊಂಡ. ಆ ಹೆಣ್ಮಗಳು ಈಗಲೂ ಊರಲ್ಲಿದ್ದಾಳೆ, ಅಂಗಡಿ ಇಟ್ಟುಕೊಂಡಿದ್ದಾಳೆ. ಕಾಕಾ ಅವಳ ಅಂಗಡಿ ಮುಂದೆ ಹಾದು ಹೋಗೋದಿಲ್ಲ, ಸುತ್ತು ಹಾಕಿ ಹೋಗ್ತಾನೆ.

ಅದಕ್ಕೇ "ಪರ್ಮಿಟ್ ಯಾವ್ದು" ಅಂತ ಕಾಕಾ ಕೇಳಿದ್ದು ನಂಗೆ ಸರ್ಕಾರಿ ಕಿರಿಕಿರಿಯ ಪ್ರಶ್ನೆ ಅನ್ನಿಸಲಿಲ್ಲ. ಸೀಟಿಗೆ ದುಡ್ಡು ತಗೊಂಡ ಕ್ಷಣವೇ ಆ ಸೀಟಿನಲ್ಲಿ ಕೂತವರ ಕಾಲಿಗೆ ಯಾರು ಹೊಣೆ ಅನ್ನೋದು ಬದಲಾಗುತ್ತೆ. ಜಿಟ್ನಿಯನ್ನು ಮುಗಿಸಿದ ಬಾಂಡು ಟ್ರಾಮಿನವರ ಹುನ್ನಾರವೂ ಹೌದು. ಯಾರೋ ಒಬ್ಬರ ಕಾಲಿನ ಪ್ರಶ್ನೆಯೂ ಹೌದು. ಇವೆರಡರಲ್ಲಿ ಒಂದನ್ನು ಮಾತ್ರ ಹೇಳೋರನ್ನು ನಾನು ನಂಬೋದು ಬಿಟ್ಟಿದ್ದೀನಿ.

ಬೆಂಗಳೂರಿಗೆ ವಾಪಸ್ ಬಂದು ಗೆಳೆಯರಿಗೆ ಹೇಳಿದೆ. ಮಂಗಳೂರಿನವನು, "ಹಾಗಾದರೆ ಸೀಟು ಬೇಡ ಮಾರಾಯ, ಕಾರೇ ಬಾಡಿಗೆಗೆ ಕೊಡುವ, ಅವರೇ ಓಡಿಸಲಿ" ಅಂದ. ಅದಕ್ಕೂ ಕಾಯ್ದೆ ನೋಡಿದೆವು. 1989ರ ರೆಂಟ್ ಎ ಕ್ಯಾಬ್ ಯೋಜನೆ. ಲೈಸೆನ್ಸ್ ಬೇಕಾದರೆ ಕನಿಷ್ಠ 50 ಕ್ಯಾಬ್ ಇರಬೇಕು! ಸಣ್ಣ ಕಾರಿಗೆ ನಾಲ್ಕು ಲಕ್ಷ ಅಂದರೂ ಎರಡು ಕೋಟಿ ಆಯ್ತು. ನಮ್ಮ ಮೂವರ ಉಳಿತಾಯ ಸೇರಿಸಿದರೆ ಒಂದು ಕಾರಿನ ಮುಂಭಾಗ ಬರ್ತಿತ್ತು, ಟೈರ್ ಬಿಟ್ಟು.

ಆ ದಾರಿಯಲ್ಲಿ ಆಗಲೇ ದೊಡ್ಡವರು ಹೊರಟಿದ್ದರು. ಡೇವಿಡ್ ಬ್ಯಾಕ್, ಗ್ರೆಗ್ ಮೊರಾನ್ ಅನ್ನೋ ಇಬ್ಬರು ಅಮೆರಿಕನ್ನರು ಬೆಂಗಳೂರಿಗೆ ಬಂದು 2013ರ ಆರಂಭದಲ್ಲಿ ಏಳು ಕಾರಿನೊಂದಿಗೆ ಝೂಮ್‌ಕಾರ್ ಶುರು ಮಾಡಿದರು. ಅವರಿಗೆ ಮೇಲ್ಪಂಕ್ತಿ ಅಮೆರಿಕದ ಜಿಪ್‌ಕಾರ್. 2000ನೇ ಇಸವಿಯಲ್ಲಿ ರಾಬಿನ್ ಚೇಸ್ ಮತ್ತು ಆಂಟ್ಯೆ ಡ್ಯಾನಿಯಲ್ಸನ್ ಅನ್ನೋ ಇಬ್ಬರು ಹೆಣ್ಮಕ್ಕಳು ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿನಲ್ಲಿ ಶುರು ಮಾಡಿದ್ದು. ಝೂಮ್‌ಕಾರ್ ಏಳು ಕಾರು ಹೊರಗೆ ಬಿಟ್ಟ ವರ್ಷವೇ ಜಿಪ್‌ಕಾರನ್ನು ಏವಿಸ್ ಕಂಪನಿ ಸುಮಾರು 50 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕೆಲ ವರ್ಷ ಕಳೆದು ಝೂಮ್‌ಕಾರ್, ಜನ ತಮ್ಮ ಸ್ವಂತ ಕಾರನ್ನೇ ಬಾಡಿಗೆಗೆ ಹಾಕೋ ಪದ್ಧತಿಗೆ ಹೊರಳಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ ನಾಸ್ಡಾಕ್ ಶೇರುಪೇಟೆ ಸೇರಿತು. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಕಂಡರೆ, ಅದು ಓಡಿಸೋನಿಗೇ ಬಾಡಿಗೆ ಕೊಟ್ಟ ಕಾರು.

ನಾವು ಮತ್ತೆ ಸೀಟಿಗೇ ಮರಳಿದೆವು. ಹಾಸನದವನು ಆ್ಯಪ್ ಅರ್ಧ ಬರೆದಿದ್ದ. ಅಷ್ಟರಲ್ಲಿ 2017ರ ಜನವರಿ ಕೊನೆಗೆ ಸಾರಿಗೆ ಇಲಾಖೆ ಓಲಾ ಶೇರ್, ಊಬರ್ ಪೂಲ್ ಎರಡನ್ನೂ ನಿಲ್ಲಿಸಿ ಅಂತ ಹೇಳಿತು. ಊಬರ್ ಪೂಲ್ ಭಾರತದಲ್ಲಿ ಮೊದಲು ಬಂದದ್ದೇ ಬೆಂಗಳೂರಿಗೆ, 2015ರಲ್ಲಿ. ಇಲಾಖೆಯ ಕಾರಣ ಓದಿ ನಾನು ನಕ್ಕುಬಿಟ್ಟೆ. ಕಾಕಾನ ಮಾತೇ! ಇವು ಕಾಂಟ್ರ್ಯಾಕ್ಟ್ ಪರ್ಮಿಟ್ಟಿನ ಗಾಡಿ, ಸ್ಪೆಷಲ್ಲು. ದಾರಿಯಲ್ಲಿ ಬೇರೆ ಬೇರೆಯವರನ್ನು ಹತ್ತಿಸಿ ಇಳಿಸೋ ಹಾಗಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ, ಹೇಳದೆ ಇರಲಾರೆ. 1988ರ ಕಾಯ್ದೆಯ ಎರಡನೇ ಸೆಕ್ಷನ್ ಓದಿ. ಆರು ಜನರೊಳಗಿನ ಟ್ಯಾಕ್ಸಿಯಲ್ಲಿ ಪ್ರಯಾಣಿಕರಿಂದ ಬೇರೆ ಬೇರೆ ದುಡ್ಡು ತಗೊಂಡರೂ ಅದು ಕಾಂಟ್ರ್ಯಾಕ್ಟ್ ಕ್ಯಾರೇಜೇ ಅಂತ ಸ್ಪಷ್ಟವಾಗಿದೆ. ದುಡ್ಡು ಬೇರೆ ಬೇರೆ ಆಗಬಹುದು. ಆದರೆ ಒಪ್ಪಂದದಲ್ಲಿ ಇಲ್ಲದವರನ್ನು ನಡುದಾರಿಯಲ್ಲಿ ಹತ್ತಿಸೋ ಹಾಗಿಲ್ಲ. ಮೂವರು ಒಟ್ಟಿಗೆ ಮೆಜೆಸ್ಟಿಕ್ಕಿನಲ್ಲಿ ಹತ್ತಿ ತಮ್ಮ ತಮ್ಮ ದುಡ್ಡು ಕೊಟ್ಟರೆ ಸರಿ. ಮೂರನೆಯವನು ಕಾರ್ಪೊರೇಷನ್ ಹತ್ತಿರ ಹತ್ತಿದರೆ ತಪ್ಪು. ಈ ಸೆಕ್ಷನ್ ಬರೆದ ಕಾಲಕ್ಕೆ ಆ್ಯಪ್ ಇರಲಿಲ್ಲ. ಹತ್ತು ನಿಮಿಷ ಮುಂಚೆ ಫೋನಿನಲ್ಲಿ ಬುಕ್ ಮಾಡಿದ ಮೂರನೆಯವನು ಒಪ್ಪಂದದ ಒಳಗಿನವನೋ ಹೊರಗಿನವನೋ? ಕಂಪನಿಗಳು ಒಳಗೆ ಅಂದವು, ಇಲಾಖೆ ಹೊರಗೆ ಅಂತು. ವಿಷಯ 2019ರಲ್ಲಿ ಮತ್ತೆ ಎದ್ದಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು, ಒಂದೇ ಕಾರಿನಲ್ಲಿ ಅಪರಿಚಿತರು ಕೂರೋದೇ ನಿಂತುಹೋಯ್ತು.

ಅದೇ 2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದು ಗೆರೆಯನ್ನು ಸ್ವಲ್ಪ ಸರಿಸಿತು. ವೈಟ್ ಬೋರ್ಡ್ ಕಾರಿನವರೂ ಸೀಟು ಹಂಚಬಹುದು, ಊರೊಳಗೆ ದಿನಕ್ಕೆ ನಾಲ್ಕು ಟ್ರಿಪ್, ಊರಿಂದೂರಿಗೆ ವಾರಕ್ಕೆ ಎರಡು ಅಂತ. ಆದರೆ ಜಾರಿ ಮಾಡೋದು ರಾಜ್ಯಗಳ ಕೈಯಲ್ಲಿ. ಈ ಗೆರೆಯನ್ನು ಬಹಳ ಹಿಂದೆ ಎಳೆದ ಬ್ರಿಟನ್, 1981ರ ಕಾಯ್ದೆಯಲ್ಲೇ ಒಂದು ಕಿಂಡಿ ಬಿಟ್ಟಿದೆ: ಸಣ್ಣ ವಾಹನ, ಮೊದಲೇ ಮಾತಾಡಿಕೊಂಡಿರಬೇಕು, ಒಟ್ಟು ವಸೂಲಿ ಗಾಡಿ ಓಡಿಸೋ ಖರ್ಚಿಗಿಂತ ಹೆಚ್ಚಾಗಬಾರದು. ಲಾಭ ಇಲ್ಲದಿದ್ದರೆ ಅದು ಬಾಡಿಗೆ ಅಲ್ಲ. ಅವರಿಂದ ಗೆರೆ ಎರವಲು ತಂದ ನಾವು ಕಿಂಡಿಯನ್ನು ತರಲಿಲ್ಲ. ಹಾಗಾಗಿ 2023ರ ಅಕ್ಟೋಬರ್ ಹೊತ್ತಿಗೆ ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಕಾರ್‌ಪೂಲ್ ಮಾಡಿದರೆ 10,000 ರೂಪಾಯಿವರೆಗೆ ದಂಡ ಅಂತ ಸುದ್ದಿಯಾಗಿ ಗದ್ದಲವಾಯ್ತು. ಟ್ಯಾಕ್ಸಿಯವರು ಸರಿ ಅಂದರು. ಅವರು ಪರ್ಮಿಟ್ಟಿಗೆ, ಎಲ್ಲೋ ಬೋರ್ಡಿನ ತೆರಿಗೆಗೆ, ವಿಮೆಗೆ ದುಡ್ಡು ಸುರಿದವರು. ಐಟಿಯವರು ತಪ್ಪು ಅಂದರು. ನಾನು ಎರಡೂ ಕಡೆಯವನು, ಸುಮ್ಮನಿದ್ದೆ.

ನಮ್ಮ ಆ್ಯಪ್ ಏನಾಯ್ತು ಅಂತ ಕೇಳ್ತೀರಾ. ಹಾಸನದವನು ಜರ್ಮನಿಯಲ್ಲಿದ್ದಾನೆ. ಮಂಗಳೂರಿನವನು ಬ್ಯಾಂಕಿನಲ್ಲಿ. ನಾನು ಇದ್ದಲ್ಲೇ ಇದ್ದೀನಿ. ಕಾಕಾನ ಸೀಟಿನ ವ್ಯಾಪಾರ ನಿಂತದ್ದು ಪರ್ಮಿಟ್ಟಿನಿಂದಲೂ ಅಲ್ಲ, ಪೊಲೀಸರಿಂದಲೂ ಅಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ. ನಡುವಿನ ಸೀಟು ಖಾಲಿಯಾಯ್ತು. ಅವ್ವ ಈಗ ರಾಯಚೂರಿಗೆ ಬಸ್ಸಿನಲ್ಲೇ ಹೋಗ್ತಾಳೆ, ಮೈದುನನ ಗಾಡಿ ಮನೆ ಮುಂದೆ ನಿಂತಿದ್ದರೂ. "ಪುಕ್ಕಟೆ ಬಿಟ್ಟು ನಿನಗ್ಯಾಕ ಕೊಡಲಿ?" ಅಂತ ಅವನ ಎದುರಿಗೇ ಅಂತಾಳೆ. ಕಾಕಾ ನಗ್ತಾನೆ. ಈಗ ಅವನದು ಬರೀ ಸ್ಪೆಷಲ್, ಮದುವೆ, ಜಾತ್ರೆ, ದವಾಖಾನಿ.

ಆ ವರ್ಷ ನವೆಂಬರಿನಲ್ಲಿ ಕಾಕಾ ಕಣ್ಣಿನ ಆಪರೇಷನ್ನಿಗೆ ಅಂತ ಬೆಂಗಳೂರಿಗೆ ಬಂದಿದ್ದ. ಬೆಳಿಗ್ಗೆ ಆಸ್ಪತ್ರೆಗೆ ಬಿಟ್ಟು ಆಫೀಸಿಗೆ ಹೋಗೋಣ ಅಂತ ನಾನು ದಿನಾ ಹೋಗೋ ಕಾರಿನಲ್ಲೇ ಕೂರಿಸಿಕೊಂಡೆ. ನಮ್ಮ ಆಫೀಸಿನ ಹುಡುಗನ ಕಾರು, ವೈಟ್ ಬೋರ್ಡು. ಮಡಿವಾಳದಲ್ಲಿ ಇನ್ನೊಬ್ಬಳು ಹತ್ತಿದಳು. ನಾನು ಫೋನಿನಲ್ಲಿ ನಮ್ಮಿಬ್ಬರ ದುಡ್ಡು ಹಾಕಿದ್ದನ್ನು ಕಾಕಾ ನೋಡಿದ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಮುಂದೆ ಬಾಗಿ ಓಡಿಸೋನ ಹೆಗಲು ಮುಟ್ಟಿದ.

"ತಮ್ಮಾ, ಇದು ಸೀಟಿನ ಗಾಡೀನೋ, ಸ್ಪೆಷಲ್ಲೋ?"

"ಕಾರ್‌ಪೂಲ್, ಅಂಕಲ್."

"ಹಂಗಾ. ಇನ್ಶೂರೆನ್ಸ್ ಯಾವ್ದು ಮಾಡ್ಸೀಪಾ?"

"ಶೋರೂಮಿನವರೇ ಮಾಡಿಕೊಟ್ಟಿದ್ದು ಅಂಕಲ್, ತೆಗೆದು ನೋಡಿಲ್ಲ" ಅಂದ ಅವನು, ಹಸಿರು ಬೀಳೋದನ್ನೇ ಕಾಯುತ್ತಾ.